ಹತ್ತಿಗಾಡಿ ಇಳಿದ ಘಟ್ಟ, ಸೈಕಲ್ ಹಿಡಿದ ಕಡಲದಾರಿ

ಗೋಕಾಕ ತಾಲ್ಲೂಕಿನ ಮಮದಾಪುರದ ಕಡೆಯವರಿಗೆ ನೀರೆಂದರೆ ಮೂಡಲಿಗೆ ಹರಿಯುವಂಥದ್ದು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ನಿಂತು, ಗೋಕಾಕದಲ್ಲಿ ಐವತ್ತೆರಡು ಮೀಟರ್ ಕೆಳಕ್ಕೆ ಧುಮುಕಿ, ಮೂಡಲಗಿ ಸೀಮೆಯ ಕಬ್ಬು-ಗೋವಿನಜೋಳಕ್ಕೆ ಕಾಲುವೆಗಳಲ್ಲಿ ಒಂದಷ್ಟನ್ನು ಕೊಟ್ಟು, ಉಳಿದದ್ದನ್ನು ಕೃಷ್ಣೆಗೆ ಸೇರಿಸುತ್ತದೆ. ಆ ನೀರು ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಇಲ್ಲಿಗೆ ಹತ್ತಿರದ ಸಮುದ್ರ ಮಾತ್ರ ಅದರ ಬೆನ್ನ ಹಿಂದೆ, ಪಶ್ಚಿಮದಲ್ಲಿದೆ. ನದಿ ಬಂದ ದಿಕ್ಕಿಗೇ ಎದುರಾಗಿ ಹೊರಟು, ನೀರು ಕವಲೊಡೆಯುವ ನೆತ್ತಿಯನ್ನು ದಾಟಿ, ಕಾಡಿನೊಳಗಿಂದ ಕಡಲಿಗಿಳಿಯುವ ದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದಾಚೆಗೆ ಏರು ಎಷ್ಟೇ ಬರಲಿ, ಲೆಕ್ಕದ ಕೊನೆಯಲ್ಲಿ ಇಳಿಜಾರೇ ಹೆಚ್ಚು.

ಈ ಸೀಮೆಗೆ ಸೈಕಲ್ ಹೊಸದಲ್ಲ. ಹೊಲಕ್ಕೆ ಬುತ್ತಿ ಒಯ್ಯುವುದು, ಡೇರಿಗೆ ಹಾಲಿನ ಕ್ಯಾನು ಮುಟ್ಟಿಸುವುದು, ಪಕ್ಕದೂರಿನ ಹೈಸ್ಕೂಲಿಗೆ ಹೋಗುವುದು ಎಲ್ಲವೂ ಅದರ ಮೇಲೆಯೇ ನಡೆದಿದೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳ ಕೈಗೂ ಹ್ಯಾಂಡಲ್ ಬಂತು. ಜಾತ್ರೆ ಬಂತೆಂದರೆ ಎತ್ತಿನ ಗಾಡಿಯ ಶರ್ಯತ್ತಿನ ಜತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹುಡುಗ-ಹುಡುಗಿಯರು ರಾಷ್ಟ್ರಮಟ್ಟದ ರಸ್ತೆ ಓಟಗಳಲ್ಲಿ ಪದಕ ತಂದಿದ್ದಾರೆ. ಇಷ್ಟು ಕಸುವಿರುವ ನೆಲದಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಸೈಕಲ್ ಮೇಲೆ ದೂರ ಹೋಗುವ ರೂಢಿ ಮಾತ್ರ ಇನ್ನೂ ಬೆಳೆದಿಲ್ಲ. ದಾರಿಯಿಲ್ಲದ್ದರಿಂದ ಹೀಗಾಯಿತು ಎನ್ನುವಂತಿಲ್ಲ. ಬಯಲುಸೀಮೆಯಿಂದ ಕಡಲಿಗಿಳಿಯುವ ದಾರಿ ನೂರೈವತ್ತು ವರ್ಷಕ್ಕೂ ಹಿಂದಿನದು, ಮತ್ತು ಅದರ ಕಥೆ ಗೋಕಾಕದವರಿಗೆ ಪರಿಚಿತವಾದ ಬೆಳೆಯೊಂದಕ್ಕೆ ಅಂಟಿಕೊಂಡಿದೆ.

ಆ ಬೆಳೆ ಹತ್ತಿ. ಧಾರವಾಡ ಸೀಮೆಯ ಹತ್ತಿ ಹೇರಿನೆತ್ತುಗಳ ಮೇಲೆ, ಮುಂದೆ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗೇರಿ ಹೋದದ್ದರಿಂದ ಪರದೇಶದ ಪೇಟೆಯಲ್ಲಿ ಆ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಬೆಳೆದ ಊರಿನ ಹೆಸರು ಹಿಂದೆ ಸರಿದು ಹಡಗು ಹತ್ತಿದ ಊರಿನ ಹೆಸರು ಮುಂದೆ ಬಂತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಈ ಕರಿಮಣ್ಣಿನ ಮೇಲೆ ಬಿತ್ತು. ಕಾರವಾರವನ್ನು ಬಂದರಾಗಿ ಬೆಳೆಸಿ ಧಾರವಾಡಕ್ಕೆ ಗಾಡಿದಾರಿ ಕೂಡಿಸುವ ಒತ್ತಾಯ ಜೋರಾಯಿತು. ಅದೇ ಒತ್ತಾಯದ ನಡುವೆ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಘಟ್ಟದಲ್ಲಿ ರಸ್ತೆಗಳು ಅಗಲವಾದವು, ಹೊಸವು ಬಂದವು. ಆದರೆ ಆ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್ ಮಾರ್ಗವಾಗಿ ಗೋವೆಯ ಮುರಗಾಂವಕ್ಕೆ ರೈಲು ಓಡತೊಡಗಿತು. ಹತ್ತಿ ರೈಲು ಹತ್ತಿತು. ಅದೇ ದಶಕದಲ್ಲಿ ಗೋಕಾಕದ ಜಲಪಾತದ ಬಲದ ಮೇಲೆ ನೂಲಿನ ಗಿರಣಿ ತಿರುಗತೊಡಗಿತ್ತು. ಘಟ್ಟದ ದಾರಿಗಳಲ್ಲಿ ಗಾಡಿಗಳ ಗದ್ದಲ ತಗ್ಗಿತು.

ಗಾಡಿಯ ಎತ್ತಿಗೆ ದಾರಿ ಮಾಡಿದವರು ಏರನ್ನು ಹದವಾಗಿ ಹರಡಲೇಬೇಕಿತ್ತು. ಕಡಿದಾದ ಏರಿನಲ್ಲಿ ಹೇರು ತುಂಬಿದ ಗಾಡಿ ಹಿಂದಕ್ಕೆ ಜಾರುತ್ತದೆ. ಅದಕ್ಕೇ ಈ ದಾರಿಗಳು ಗುಡ್ಡವನ್ನು ಬಳಸಿ ಬಳಸಿ, ತಿರುವಿನ ಮೇಲೆ ತಿರುವು ತೆಗೆದು ಇಳಿಯುತ್ತವೆ. ಆ ಎಚ್ಚರವೇ ಇಂದು ಸೈಕಲ್ ತುಳಿಯುವವರ ಮೊಣಕಾಲನ್ನು ಕಾಯುತ್ತಿದೆ.

ಬೆಳಗಾವಿಯಿಂದ ಕಡಲಿಗೆ ಹತ್ತಿರದ ದಾರಿಗಳೆಂದರೆ ಚೋರ್ಲಾ ಮತ್ತು ಅನಮೋಡ ಘಟ್ಟಗಳು. ಎರಡೂ ಗೋವೆಗೆ ಇಳಿಯುತ್ತವೆ, ಎರಡೂ ಚೆಲುವಾದವು. ಆದರೆ ಲಾರಿ, ಬಸ್ಸು, ವಾರದ ಕೊನೆಗೆ ಗೋವೆಯತ್ತ ಧಾವಿಸುವ ಕಾರುಗಳು ಇಕ್ಕಟ್ಟಾದ ತಿರುವಿನಲ್ಲಿ ಸೈಕಲ್ಲಿಗೆ ಜಾಗ ಬಿಡುವುದಿಲ್ಲ. ಚೋರ್ಲಾ ದಾರಿಯಲ್ಲಿ ಜಾಂಬೋಟಿ ದಾಟಿ ಕಣಕುಂಬಿಯವರೆಗೆ ಹೋಗಿ ಬರುವುದು ಮಾತ್ರ ತಪ್ಪಿಸಬಾರದ ಸುತ್ತು. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಹರಿಯುವುದು ಮೂಡಲಿಗೆ. ಅದೇ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಲಿಗೆ ಇಳಿದು ಗೋವೆಯ ಮಾಂಡೋವಿಯಾಗುತ್ತದೆ. ಎರಡು ರಾಜ್ಯಗಳ ನಡುವೆ ದಶಕಗಳ ವ್ಯಾಜ್ಯಕ್ಕೆ ಕಾರಣವಾದ ನೀರು ಬೇರೆಯಾಗುವ ನೆತ್ತಿ ಇದು. ಪೆಡಲ್ ತುಳಿಯುತ್ತ ಹತ್ತಿದವರಿಗೆ ಆ ಬೆನ್ನು ಎಲ್ಲಿ ಏರಿ ಎಲ್ಲಿ ಇಳಿಯಿತೆಂದು ಕಾಲಿಗೇ ತಿಳಿಯುತ್ತದೆ.

ಮೊದಲ ಪ್ರಯಾಣಕ್ಕೆ ಇವೆರಡಕ್ಕಿಂತ ಒಳ್ಳೆಯದು ಖಾನಾಪುರ, ನಂದಗಡ, ಹಳಿಯಾಳ, ದಾಂಡೇಲಿ, ಜೋಯಿಡಾ, ಅಣಶಿ, ಕದ್ರಾ, ಕಾರವಾರದ ದಾರಿ. ದೂರ ಹೆಚ್ಚು, ಸಮಾಧಾನವೂ ಹೆಚ್ಚು. ಖಾನಾಪುರ ಮಣ್ಣಿನ ಕೆಲಸಕ್ಕೆ, ಹಂಚು-ಕುಂಬಾರಿಕೆಗೆ ಹೆಸರಾದ ಊರು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. 1831ರ ಜನವರಿ 26ರಂದು ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದ್ದು ಇಲ್ಲೇ. ಸಮಾಧಿಯ ಬಳಿಯ ಆಲದ ಮರಕ್ಕೆ ಮಗುವಿಗಾಗಿ ತೊಟ್ಟಿಲು ಕಟ್ಟುವ ಹರಕೆ ಇಂದಿಗೂ ನಡೆದಿದೆ. ನಂದಗಡದಿಂದಾಚೆಗೆ ಹೊಲ ಕಿರಿದಾಗುತ್ತ, ಸಾಗುವಾನಿ ಎತ್ತರವಾಗುತ್ತ ಹೋಗುತ್ತದೆ. ಹಳಿಯಾಳದ ಸುತ್ತಲಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯದ ಮನೆಗಳಿವೆ. ಆಫ್ರಿಕಾದಿಂದ ಬಂದವರ ಸಂತತಿಯವರಾದ ಇವರ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ದೂರದ ದೇಶಗಳ ಕಲಾಶಾಲೆಗಳಲ್ಲಿ ಪ್ರದರ್ಶನ ಕಂಡಿವೆ. ಗೋಕಾಕದ ಮನೆಗಳಲ್ಲೂ ಅಜ್ಜಿಯಂದಿರು ಹಳೆಯ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿದವರೇ. ಹಳಿಯಾಳದ ಅಂಗಳದಲ್ಲಿ ಒಣಹಾಕಿದ ಕೌದಿಯ ಮುಂದೆ ಸೈಕಲ್ ನಿಲ್ಲಿಸಿದರೆ ಮಾತಿಗೆ ಬೇರೆ ಪೀಠಿಕೆ ಬೇಕಾಗದು.

ದಾಂಡೇಲಿ ದಾಟಿದ ಮೇಲೆ ಕಾಳಿ ನದಿಯದೇ ಸಾಮ್ರಾಜ್ಯ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಈ ನದಿಯ ಉದ್ದಕ್ಕೂ ಅಣೆಕಟ್ಟುಗಳಿವೆ. ಗಣೇಶಗುಡಿಯ ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು. ಅದರ ಹಿನ್ನೀರಿನಡಿ ಹಳೆಯ ಸೂಪಾ ಪಟ್ಟಣವೇ ಇದೆ. ಊರು ಬಿಟ್ಟವರಲ್ಲಿ ಅನೇಕರಿಗೆ ರಾಮನಗರದಲ್ಲಿ ನೆಲೆ ಕೊಡಲಾಯಿತು. ಹಿಡಕಲ್ಲಿನ ಹಿನ್ನೀರನ್ನು ಕಂಡು ಬೆಳೆದ ಹುಕ್ಕೇರಿಯವರಿಗೆ ಈ ಕಥೆಯ ತೂಕವನ್ನು ವಿವರಿಸಬೇಕಿಲ್ಲ.

ಇಲ್ಲಿಂದ ಅಣಶಿಯವರೆಗೆ ದಾರಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಸಾಗುತ್ತದೆ. ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು 2007ರಲ್ಲಿ ಘೋಷಣೆಯಾದ ಈ ಕಾಡಿಗೆ 2015ರಲ್ಲಿ ಕಾಳಿಯ ಹೆಸರು ಬಂತು. ಕರಿಚಿರತೆಗೆ, ದೊಡ್ಡ ಮಂಗಟ್ಟೆ ಹಕ್ಕಿಗೆ ಇದು ಪ್ರಸಿದ್ಧ. ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದು ಮರದ ತುದಿಯಿಂದ ರಸ್ತೆಗೆ ಕೇಳಿಸುತ್ತದೆ. ಕಾರಿನ ಗಾಜಿನೊಳಗೆ ಕುಳಿತವರಿಗೆ ಆ ಸದ್ದು ದಕ್ಕುವುದಿಲ್ಲ. ಕಾಡಿನ ಈ ಭಾಗದಲ್ಲಿ ಪಾಲಿಸಬೇಕಾದ ಕಟ್ಟಳೆಗಳು ಕೆಲವೇ: ಬೆಳಕು ಹರಿದ ಮೇಲೆ ಹೊರಟು ಸಂಜೆಗೆ ಮುನ್ನ ಊರು ಸೇರುವುದು, ಡಾಂಬರು ಬಿಟ್ಟು ಒಳಗೆ ಇಳಿಯದಿರುವುದು, ತಿಂದದ್ದರ ಕಾಗದವನ್ನೂ ಚೀಲದಲ್ಲೇ ಒಯ್ಯುವುದು. ಕುಂಬಾರವಾಡದ ಸುತ್ತಿನ ಕುಣಬಿ ಸಮುದಾಯದವರು ಗೆಡ್ಡೆ-ಗೆಣಸು ಬೆಳೆಯುವುದರಲ್ಲಿ ನುರಿತವರು. ಜೋಯಿಡಾದಲ್ಲಿ ಚಳಿಗಾಲದಲ್ಲಿ ನಡೆಯುವ ಗೆಡ್ಡೆ-ಗೆಣಸು ಮೇಳದಲ್ಲಿ ಬಯಲುಸೀಮೆಯವರು ಹೆಸರೂ ಕೇಳದ ಬಗೆಗಳು ರಾಶಿ ಬೀಳುತ್ತವೆ.

ಅಣಶಿಯಿಂದ ಕದ್ರಾಕ್ಕೆ ಇಳಿಯುವ ಘಟ್ಟ ಈ ದಾರಿಯ ತಿರುಳು. ಮೇಲಿನ ತಂಪು ಒಂದೊಂದೇ ತಿರುವಿಗೆ ಕರಗಿ, ಕೆಳಗೆ ಬರುವಷ್ಟರಲ್ಲಿ ಕರಾವಳಿಯ ಸೆಕೆ ಮೈಗೆ ಅಂಟಿಕೊಂಡಿರುತ್ತದೆ. ಬಯಲಿನ ಸೈಕಲ್ ಸವಾರರು ಕಲಿಯಬೇಕಾದ ವಿದ್ಯೆ ಇಲ್ಲಿದೆ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬು ಸಿಡಿಯಬಹುದು, ಬ್ರೇಕಿನ ರಬ್ಬರು ಸವೆದು ಹಿಡಿತ ತಪ್ಪಬಹುದು. ಬಿಟ್ಟು ಬಿಟ್ಟು ಒತ್ತಬೇಕು, ಎರಡೂ ಬ್ರೇಕುಗಳನ್ನು ಹಂಚಿ ಬಳಸಬೇಕು, ನಡುವೆ ನಿಂತು ಚಕ್ರ ಆರಲು ಬಿಡಬೇಕು. ಹೊರಡುವ ಮುನ್ನ ಬ್ರೇಕ್ ಶೂ ಹೊಸದು ಹಾಕಿಸುವುದು ಗೇರು ಎಷ್ಟಿವೆ ಎಂದು ಎಣಿಸುವುದಕ್ಕಿಂತ ಮುಖ್ಯ. ಕದ್ರಾದಿಂದ ಕಾರವಾರದವರೆಗೆ ರಸ್ತೆ ಕಾಳಿಯ ಕಣಿವೆಯಲ್ಲೇ ಸಾಗುತ್ತದೆ. ಕೈಗಾ ಅಣುವಿದ್ಯುತ್ ಸ್ಥಾವರವೂ ಇದೇ ಕಣಿವೆಯಲ್ಲಿದೆ.

ಕಾರವಾರದಲ್ಲಿ ಕಾಳಿ ಕಡಲು ಸೇರುವ ಅಳಿವೆಯನ್ನು ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರ್ 1883ರಲ್ಲಿ ಕಂಡರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಅವರು ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ರೂಪುಗೊಂಡದ್ದೂ ಇಲ್ಲೇ. ಅದೇ ಅಳಿವೆಯ ಮೇಲೆ 2024ರ ಆಗಸ್ಟ್ 7ರ ನಡುರಾತ್ರಿ ಹೆದ್ದಾರಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಬದುಕಿಸಲಾಯಿತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ಹಲವರು ಸತ್ತರು. ರಸ್ತೆಯ ಮೇಲಿದ್ದವರನ್ನು, ವಾಹನಗಳನ್ನು ಮಣ್ಣು ಗಂಗಾವಳಿ ನದಿಗೆ ನೂಕಿತು.

ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ಬೆನ್ನೆಲುಬು. ಆದರೆ ಚತುಷ್ಪಥವಾದ ಮೇಲೆ ಅದು ಸೈಕಲ್ಲಿಗೆ ಹೇಳಿದ ರಸ್ತೆಯಾಗಿ ಉಳಿದಿಲ್ಲ. ಗುಡ್ಡ ಕಡಿದ ಕಡೆ ನೆರಳಿಲ್ಲ, ಒಂದೇ ಸಮನೆ ಓಡುವ ಟ್ಯಾಂಕರುಗಳ ಗಾಳಿಯ ಹೊಡೆತ ತಪ್ಪದು, ವಿಭಜಕದ ಆಚೆಗಿನ ಚಹಾದಂಗಡಿಗೆ ಹೋಗಲು ಮೈಲಿ ಸುತ್ತಬೇಕು. ಕರ್ನಾಟಕದ ಕರಾವಳಿ ಉದ್ದ ಸುಮಾರು 320 ಕಿಲೋಮೀಟರ್ ಎನ್ನುತ್ತಾರೆ. ಅದನ್ನು ಹೆದ್ದಾರಿಯ ಮೇಲೆ ಮೂರು ದಿನದಲ್ಲಿ ಮುಗಿಸಿದವರಿಗೆ ಕಿಲೋಮೀಟರು ಸಿಕ್ಕೀತೇ ಹೊರತು ಕರಾವಳಿ ಸಿಕ್ಕುವುದಿಲ್ಲ. ಹೆದ್ದಾರಿಯಿಂದ ಪಡುವಣಕ್ಕೆ ತಿರುಗುವ ಊರದಾರಿಗಳನ್ನು ಒಂದಕ್ಕೊಂದು ಹೊಲಿದುಕೊಂಡು, ನದಿ ಅಡ್ಡ ಬಂದಲ್ಲಿ ತಾರಿ ದೋಣಿ ಹಿಡಿದು ಸಾಗಿದವರಿಗೆ ಅದು ಸಿಕ್ಕುತ್ತದೆ.

ಅಂಥ ದಾರಿಗಳಲ್ಲಿ ಉತ್ತಮವಾದದ್ದು ಅಂಕೋಲಾದಿಂದ ಹೊನ್ನಾವರದವರೆಗಿನ ತುಂಡು. ಅಂಕೋಲಾ 1930ರ ಉಪ್ಪಿನ ಸತ್ಯಾಗ್ರಹದ ಊರು. ಕರಿ ಈಶಾಡ ಮಾವಿನ ಊರು. ಸಾವಿರಾರು ಸಸಿ ಬೆಳೆಸಿ ಪದ್ಮಶ್ರೀ ಪಡೆದ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ತುಳಸಿ ಗೌಡರ ಹೊನ್ನಳ್ಳಿಯೂ ಇದೇ ತಾಲ್ಲೂಕಿನದು. ಅಂಕೋಲಾದಿಂದ ಮಂಜಗುಣಿಯ ಕಡೆಗೆ ಇಳಿದು ಗಂಗಾವಳಿ ದಾಟಿದರೆ ಗೋಕರ್ಣದ ಹಿಂಬದಿ ಸಿಕ್ಕುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಕಡಲ ನೀರು ಕಟ್ಟಿ ಉಪ್ಪು ಬೆಳೆಯುವ ಆಗರಗಳು ಬಿಸಿಲಿಗೆ ಹೊಳೆಯುತ್ತವೆ. ಮುಂದೆ ತದಡಿ ಬಂದರು, ಅದರೆದುರು ಅಘನಾಶಿನಿ ಊರು, ನಡುವೆ ಅದೇ ಹೆಸರಿನ ಹೊಳೆ. ದೋಣಿಯವರು ಸೈಕಲ್ಲನ್ನು ಎತ್ತಿ ಇಡಲು ಕೈಗೂಡಿಸುತ್ತಾರೆ. ‘ಯಾವೂರಾಯ್ತು ನಿಮಗೆ?’ ಎಂಬ ಪ್ರಶ್ನೆಗೆ ಗೋಕಾಕ ಎಂದರೆ ಕರದಂಟಿನ ಮಾತು ತಾನಾಗಿ ಬರುತ್ತದೆ.

ಈ ಹೊಳೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಘಟ್ಟದ ಮಣ್ಣು, ಎಲೆಗೊಬ್ಬರ, ಸಿಹಿನೀರು ಹಾಗೆಯೇ ಕೆಳಗಿಳಿದು ಅಳಿವೆಯ ಉಪ್ಪುನೀರಿನಲ್ಲಿ ಬೆರೆಯುತ್ತದೆ. ಅದಕ್ಕೇ ಇಲ್ಲಿ ಚಿಪ್ಪಿ, ಸಿಗಡಿ, ಮೀನು ಸಮೃದ್ಧ. ಇಳಿತದ ಹೊತ್ತಿನಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಚಿಪ್ಪಿ ಬಾಚುವ ಸಾವಿರಾರು ಕುಟುಂಬಗಳ ಅನ್ನ ಇದರಲ್ಲಿದೆ. ದಂಡೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ನೀರು ನುಗ್ಗಿದರೂ ತಾಳಿಕೊಳ್ಳುತ್ತದೆ. ಬೆಳೆ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ ಹಿಡಿಯುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆನಿಸಿತು. ಅಣೆಕಟ್ಟಿನ ಕೆಳಗೆ ಬಾಳುವ ಘಟಪ್ರಭೆಯ ಮಕ್ಕಳು ಅಣೆಕಟ್ಟಿಲ್ಲದ ನದಿಯೊಂದು ಕೊನೆಯಲ್ಲಿ ಏನು ಮಾಡುತ್ತದೆಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸೈಕಲ್ಲನ್ನು ಗಜನಿಯ ಬದುವಿಗೆ ಒರಗಿಸಿ ಅರ್ಧ ದಿನ ಇಲ್ಲಿ ಕಳೆಯಬೇಕು.

ಅಘನಾಶಿನಿಯಿಂದ ಕಾಗಾಲ, ಬಾಡದ ಮೇಲೆ ಕುಮಟಾಕ್ಕೆ, ಅಲ್ಲಿಂದ ಧಾರೇಶ್ವರದ ಮಾರ್ಗವಾಗಿ ಹೊನ್ನಾವರಕ್ಕೆ ತೆಂಗಿನ ನೆರಳಿನಲ್ಲೇ ಹೆಚ್ಚು ಹೊತ್ತು ಸಾಗಬಹುದು. ಶರಾವತಿ ದಾಟಿದರೆ ಕಾಸರಕೋಡಿನ ಗಾಳಿಮರದ ತೋಪುಗಳು. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಈ ತೋಪುಗಳನ್ನು ಕಂಡರೆ ಫ್ರಾನ್ಸಿನ ಅಟ್ಲಾಂಟಿಕ್ ತೀರ ನೆನಪಾಗುವುದು ಸಹಜ. ಅಲ್ಲಿನ ಲಾಂಡ್ ಸೀಮೆಯಲ್ಲೂ ಮರಳು ಒಳನಾಡಿಗೆ ನುಗ್ಗದಂತೆ ಹತ್ತೊಂಬತ್ತನೆಯ ಶತಮಾನದಲ್ಲಿ ಪೈನ್ ಮರ ನೆಟ್ಟರು. ಇಂದು ಆ ಕಾಡಿನೊಳಗೆ ವೆಲೊಡಿಸ್ಸಿ ಎಂಬ, 1,200 ಕಿಲೋಮೀಟರಿಗೂ ಉದ್ದದ ಸೈಕಲ್ ದಾರಿಯ ಒಂದು ಭಾಗ ಹಾದು ಹೋಗುತ್ತದೆ. ಜಪಾನಿನ ಶಿಮಾನಾಮಿ ಕೈದೊ 1999ರಿಂದ ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿದ, ಸುಮಾರು 70 ಕಿಲೋಮೀಟರ್ ಉದ್ದದ ದಾರಿ. ಅಲ್ಲಿ ಸೈಕಲ್ಲಿನವರು ದಾರಿ ತಪ್ಪದಿರಲು ರಸ್ತೆಯಂಚಿಗೆ ನೀಲಿ ಗೆರೆ ಎಳೆದಿದ್ದಾರೆ. ಅಂಕೋಲಾ-ಹೊನ್ನಾವರದ ಊರದಾರಿಗಳಿಗೆ ಕೋಟಿಗಟ್ಟಲೆಯ ಕಾಮಗಾರಿ ಬೇಕಿಲ್ಲ. ಒಂದು ಗೆರೆ, ಕವಲಿನಲ್ಲಿ ಒಂದು ಫಲಕ, ತಾರಿಕಟ್ಟೆಯಲ್ಲಿ ದೋಣಿಯ ವೇಳೆ ಬರೆದ ಹಲಗೆ ಸಾಕು. ಪ್ರವಾಸೋದ್ಯಮ ಇಲಾಖೆ ಇದನ್ನು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಬಹುದು.

ದಿನಗಳಿದ್ದವರು ಇನ್ನೂ ತೆಂಕಣಕ್ಕೆ ಹೋಗಲಿ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಅಲ್ಲಿಯೂ ಹೆದ್ದಾರಿಯದೇ ಆರ್ಭಟ. ಅದೇ ನೋಟವನ್ನು ನೆಮ್ಮದಿಯಿಂದ ಕಾಣಬೇಕೆಂದರೆ ಮಲ್ಪೆಯ ಆಚೆಯ ಪಡುಕೆರೆಯಿಂದ ಮಟ್ಟು ಮಾರ್ಗವಾಗಿ ಕಾಪುವಿಗೆ ಹೋಗುವ ತೀರದ ರಸ್ತೆ ಹಿಡಿಯಬೇಕು. ಕಡಲಿಗೂ ಹೊಳೆಗೂ ನಡುವಿನ ಕಿರಿದಾದ ನೆಲದಲ್ಲಿ ಮನೆ, ತೆಂಗು, ಬಲೆ ಒಣಗಿಸುವ ಅಂಗಳ. ಮಟ್ಟುವಿನ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದು.

ಹೊರಡುವ ಕಾಲ ನವೆಂಬರಿನಿಂದ ಫೆಬ್ರುವರಿ. ಗೋಕಾಕದ ಸುತ್ತ ವರ್ಷಕ್ಕೆ ಬೀಳುವ ಮಳೆಯ ಐದಾರು ಪಟ್ಟು ಕರಾವಳಿಯಲ್ಲಿ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಘಟ್ಟ ಕುಸಿಯುವ ಭಯ, ದೋಣಿ ನಿಲ್ಲುವ ಸಂಭವ ಎರಡೂ ಇವೆ. ಚಳಿಗಾಲದ ಮಧ್ಯಾಹ್ನ ಕಡಲಗಾಳಿ ವಾಯವ್ಯದಿಂದ ಬೀಸುವುದರಿಂದ ಕಾರವಾರದಿಂದ ತೆಂಕಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಬಲವಾಗುತ್ತದೆ. ತಿರುಗಿ ಘಟ್ಟ ಹತ್ತಬೇಕೆನ್ನುವ ಗಟ್ಟಿಗರಿಗೆ ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಸುಮಾರು 60 ಕಿಲೋಮೀಟರ್. ಹತ್ತಿ ಬಂದ ಹಳೆಯ ದಾರಿ ಅದೇ. ರಸ್ತೆ ಅಗಲೀಕರಣದಿಂದಾಗಿ ಸಂಚಾರ ಆಗಾಗ ನಿಲ್ಲುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ. ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು. ರಾತ್ರಿ ಮೈ ತೊಳೆದು ಬಟ್ಟೆ ಬದಲಿಸಬೇಕು.

ಬುತ್ತಿಯ ವಿಚಾರದಲ್ಲಿ ಗೋಕಾಕದವರು ಯಾರಿಂದಲೂ ಕಲಿಯಬೇಕಿಲ್ಲ. ಒಣಹಣ್ಣು, ಅಂಟು, ಬೆಲ್ಲದ ಕರದಂಟು ದುಬಾರಿ ಎನರ್ಜಿ ಬಾರ್‌ಗಳು ಮಾಡುವ ಕೆಲಸವನ್ನೇ ಮಾಡುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ಘಟ್ಟದ ಕೆಳಗೆ ಬೆವರು ಹೆಚ್ಚು, ಆದ್ದರಿಂದ ನೀರಿನ ಜತೆ ಉಪ್ಪೂ ಮೈಗೆ ಸೇರಬೇಕು. ಅಲ್ಲಿನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮುರುಗಲು ಪಾನಕ ಆ ಸೆಕೆಗೆಂದೇ ಹುಟ್ಟಿದ ಊಟ. ಸಾಧಾರಣ ಸೈಕಲ್ಲಿನಲ್ಲೂ ಹೋಗಬಹುದು. ಏರಿನಲ್ಲಿ ಇಳಿದು ನೂಕುವುದು ಅವಮಾನವಲ್ಲ. ಎರಡು ಹೆಚ್ಚಿನ ಟ್ಯೂಬು, ಪಂಪು, ಪಂಕ್ಚರ್ ಸಾಮಾನು, ಚೈನಿನ ಕೊಂಡಿ ಇದ್ದರಾಯಿತು. 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸುವ ಬ್ರೆವೆ ಓಟಗಳು ಹುಬ್ಬಳ್ಳಿಯಂಥ ಊರುಗಳಲ್ಲಿ ನಡೆಯುತ್ತವೆ. ಅವು ಛಲಕ್ಕೆ ಒಳ್ಳೆಯವು. ಈ ದಾರಿಗೆ ಮಾತ್ರ ದಿನಕ್ಕೆ ಐವತ್ತರವತ್ತು ಕಿಲೋಮೀಟರ್ ಸಾಕು.

ಮರಳುವಾಗ ರೈಲು ಅನುಕೂಲ. ಕೊಂಕಣ ರೈಲಿನಲ್ಲಿ ಮಡಗಾಂವ ಸೇರಿ, ಅಲ್ಲಿಂದ ದೂಧಸಾಗರದ ಮುಂದೆ ಹಾದು ಕ್ಯಾಸಲ್ ರಾಕ್, ಲೋಂಡಾ ದಾಟಿದರೆ ಬೆಳಗಾವಿ. ಹತ್ತಿಯನ್ನು ಘಟ್ಟದ ದಾರಿಯಿಂದ ಕಿತ್ತುಕೊಂಡ ರೈಲು ಮಾರ್ಗವೇ ಇದು. ವಾಸ್ಕೊ-ನಿಜಾಮುದ್ದೀನ್ ಗೋವಾ ಎಕ್ಸ್‌ಪ್ರೆಸ್ ಈ ದಾರಿಯಲ್ಲೇ ಬರುತ್ತದೆ. ಕುಳೆಯಿಂದ ಮೇಲಕ್ಕೆ 37 ಅಡಿಗೆ ಒಂದಡಿ ಏರುವ ಘಟ್ಟದಲ್ಲಿ ಗಾಡಿಗೆ ಹೆಚ್ಚಿನ ಎಂಜಿನ್ ಕೂಡಿಸುತ್ತಾರೆ. ಸೈಕಲ್ಲನ್ನು ಹೊರಡುವ ಹೊತ್ತಿಗೆ ಸಾಕಷ್ಟು ಮೊದಲೇ ಲಗೇಜ್ ಕಚೇರಿಗೆ ಒಯ್ದು, ಹೆಸರು, ಊರು, ಫೋನ್ ನಂಬರು ಬರೆದ ಚೀಟಿ ಕಟ್ಟಿ ಬ್ರೇಕ್‌ವ್ಯಾನಿಗೆ ಬುಕ್ ಮಾಡಬೇಕು. ರಸೀದಿ ಜೋಪಾನ. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು. ಬ್ರೇಕ್‌ವ್ಯಾನಿನ ಬಾಗಿಲು ತೆಗೆದು ಸಾಮಾನು ಇಳಿಸಲು ಪುರಸೊತ್ತು ಸಿಗಲಾರದು. ಆದ್ದರಿಂದ ಮಮದಾಪುರ, ಮೂಡಲಗಿ, ಹುಕ್ಕೇರಿ ಕಡೆಯವರು ಸೈಕಲ್ಲನ್ನು ಘಟಪ್ರಭಾಕ್ಕೆ ಬುಕ್ ಮಾಡದೆ ಬೆಳಗಾವಿಯಲ್ಲೇ ಇಳಿಸಿಕೊಂಡು, ಮರುದಿನ ಬೆಳಗಿನ ತಂಪಿನಲ್ಲಿ ಊರಿನ ದಾರಿ ಹಿಡಿಯುವುದು ಲೇಸು.